ಕರೆಯುವ ಕ್ರಿಯಾಪದ

ನದಿಯ ದಂಡೆಯ ಮೇಲೆ ಒಂದು ಕಾನ್ವೆಂಟು. ಅಲ್ಲಿ ಸಿಸ್ಟರ್ ದೊಮಿತಿಲ್ಲಾ ಸ್ಪ್ಯಾನಿಷ್ ಕಲಿಸುತ್ತಿದ್ದರು. ಕಲಿಯುವವಳು ಒಬ್ಬಳೇ, ಲೂದ್ವಿನಾ ಎಂಬ ಕಿರಿಯ ಸಿಸ್ಟರ್.

ಲೂದ್ವಿನಾ ನರ್ಸಿಂಗ್ ಓದಿದವಳು. ಸಮುದ್ರದಾಚೆ, ಸ್ಪ್ಯಾನಿಷ್ ಆಡುವ ಬೆಟ್ಟದ ನಾಡೊಂದರ ಆಸ್ಪತ್ರೆಗೆ ಈ ಮನೆಯಿಂದ ಸಿಸ್ಟರುಗಳು ಹೋಗುತ್ತಿದ್ದರು. ಕಳೆದ ತಂಡದಲ್ಲಿ ಅವಳ ಹೆಸರಿತ್ತು. ಭಾಷೆ ಬರದೆಂದು ತೆಗೆದುಹಾಕಿದರು.

ಈ ಸಲದ ತಂಡ ಭಾನುವಾರ ಹೊರಡುವುದಿತ್ತು. ಅವಳಿಗೆ ಭಾಷೆ ಬಂತೋ ಇಲ್ಲವೋ ಎಂದು ದೊಡ್ಡ ಮದರಿಗೆ ಹೇಳಬೇಕಾದವರು ದೊಮಿತಿಲ್ಲಾ.

ಪಾಠ ನದಿಯ ಮೆಟ್ಟಿಲ ಮೇಲೆ. ಗುರು ಕುಳಿತು ಹಲಸಿನ ಬೀಜ ಸುಲಿಯುತ್ತಿದ್ದರು. ಶಿಷ್ಯೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಕರೆಯುವುದು," ಎಂದರು ದೊಮಿತಿಲ್ಲಾ. "ವರ್ತಮಾನ ಕಾಲ."

"ಯಾಮೊ, ಯಾಮಾಸ್, ಯಾಮಾ, ಯಾಮಾಮೋಸ್, ಯಾಮಾಯ್ಸ್, ಯಾಮಾನ್."

ನಾನು ಕರೆಯುತ್ತೇನೆ ಎಂಬಲ್ಲಿಂದ ಅವರು ಕರೆಯುತ್ತಾರೆ ಎಂಬಲ್ಲಿಯವರೆಗೆ ಒಂದೇ ಉಸಿರು. ಅಷ್ಟರಲ್ಲಿ ಮೇಲಿನ ಮೆಟ್ಟಿಲಿಗೆ ಹೋಗಿಯೂ ಬಂದಳು.

"ಭೂತಕಾಲ."

"ಯಾಮೇ, ಯಾಮಾಸ್ತೆ, ಯಾಮೋ, ಯಾಮಾಮೋಸ್, ಯಾಮಾಸ್ತೆಯ್ಸ್, ಯಾಮಾರೋನ್. ಭವಿಷ್ಯ ಕೇಳುವುದು ಬೇಡ, ನಾನೇ ಹೇಳುತ್ತೇನೆ. ಯಾಮಾರೇ, ಯಾಮಾರಾಸ್, ಯಾಮಾರಾ…"

"ಸಾಕು."

"ಉಣ್ಣುವುದೂ ಬರುತ್ತದೆ, ಬದುಕುವುದೂ ಬರುತ್ತದೆ. ಮೂರು ಗುಂಪು, ಮೂರು ಕಾಲ. ನಿಯಮ ಮೀರುವ ಒಂದು ಕ್ರಿಯಾಪದವನ್ನಾದರೂ ನೀವು ಕೊಟ್ಟಿಲ್ಲ. ಇನ್ನೇನು ಉಳಿಯಿತು, ಸಿಸ್ಟರ್?"

"'ಅವಳು ಕರೆಯುತ್ತಾಳೆ' ಎನ್ನು."

ಲೂದ್ವಿನಾಳ ತುಟಿ ಸದ್ದಿಲ್ಲದೆ ಅಲುಗಿತು. ಯಾಮೊ, ಯಾಮಾಸ್… "ಯಾಮಾ!"

"ಸುರತ್ಕಲ್ಲಿನಲ್ಲಿ ಬಸ್ಸು ಹತ್ತುವುದಕ್ಕೆ ಉಡುಪಿಗೆ ಹೋಗಿ ಬರುತ್ತೀಯಾ?"

"ಮಗ್ಗಿ ಹೇಳಿಕೊಟ್ಟದ್ದು ಹಾಗೆ. ಏಳೆಂಟು ಎಷ್ಟು ಎಂದರೆ ಏಳೊಂದಲ ಏಳರಿಂದಲೇ ಹೊರಡುವುದು. ಉತ್ತರ ಸರಿ ತಾನೇ?"

"ಸರಿ."

"ಹಾಗಾದರೆ ದೊಡ್ಡ ಮದರಿಗೆ ಹೇಳಿ, ಭಾಷೆ ಬಂತು ಎಂದು."

ದೊಮಿತಿಲ್ಲಾ ಒಂದು ಬೀಜ ಸುಲಿದು ಬುಟ್ಟಿಗೆ ಹಾಕಿದರು.

"ಇಷ್ಟು ಹೊತ್ತು ಕರೆದೆಯಲ್ಲ. ಯಾರಾದರೂ ಬಂದರೇ?"

ಲೂದ್ವಿನಾಳಿಗೆ ಸಿಟ್ಟು ಬಂತು. ಗುರುವಿನೆದುರು ಅದನ್ನು ತೋರಿಸುವ ಹಾಗಿರಲಿಲ್ಲ. ಮೆಟ್ಟಿಲು ಇಳಿದು ಕಾಲು ತೊಳೆದಳು. ಕಾಲಿಗೆ ಕೆಸರೇನೂ ಆಗಿರಲಿಲ್ಲ.

"ಮದರ್ ಕ್ಲೆಮೆನ್ಸಿಯಾ ಊಟ ಬಿಟ್ಟಿದ್ದಾರೆ," ಎಂದರು ದೊಮಿತಿಲ್ಲಾ. "ಗಂಜಿ ತೆಗೆದುಕೊಂಡು ಹೋಗು."

ಮದರ್ ಕ್ಲೆಮೆನ್ಸಿಯಾ ಸ್ಪೇನಿನಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿನಲ್ಲೇ ಈ ಮನೆಗೆ ಬಂದು ತುಳು, ಕೊಂಕಣಿ, ಕನ್ನಡ ಕಲಿತು, ಔಷಧಿ ಕೋಣೆ ನಡೆಸಿದವರು. ಮುಪ್ಪಿನಲ್ಲಿ ಆ ಭಾಷೆಗಳು ಒಂದೊಂದಾಗಿ ಬಿಟ್ಟುಹೋದವು. ಕೊನೆಗೆ ಉಳಿದದ್ದು ತೊಟ್ಟಿಲ ಭಾಷೆ. ಈಗ ಅವರು ತಮ್ಮನ್ನು ಪುಟ್ಟ ಹುಡುಗಿ ಎಂದೇ ತಿಳಿದಿದ್ದರು.

ಲೂದ್ವಿನಾ ಗಂಜಿಯ ಬಟ್ಟಲು ಹಿಡಿದು ಒಳಗೆ ಹೋದಳು. ಮುದುಕಿ ಬಾಗಿಲನ್ನೇ ನೋಡುತ್ತಿದ್ದರು.

"ಮೆ ಯಾಮೋ ಮಿ ಮಮಾ?"

ಅಮ್ಮ ನನ್ನನ್ನು ಕರೆದಳೇ?

ಗೊತ್ತಿದ್ದ ಕ್ರಿಯಾಪದ! ಲೂದ್ವಿನಾಳ ಮುಖ ಅರಳಿತು. ಬೆನ್ನು ನೆಟ್ಟಗೆ ಮಾಡಿ ಹೇಳಿದಳು: "ಯಾಮೇ, ಯಾಮಾಸ್ತೆ, ಯಾಮೋ, ಯಾಮಾಮೋಸ್, ಯಾಮಾಸ್ತೆಯ್ಸ್, ಯಾಮಾರೋನ್."

ಮುದುಕಿ ಕೊನೆಯವರೆಗೂ ಆಸೆಯಿಂದ ಕೇಳಿದರು. ಆಮೇಲೆ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು.

ಗಂಜಿ ಆರಿತು. ಲೂದ್ವಿನಾ ಅದನ್ನು ಹಾಗೆಯೇ ವಾಪಸು ತಂದಳು.

"ಅವರಿಗೆ ಅರ್ಥವಾಗುವುದಿಲ್ಲ, ಸಿಸ್ಟರ್."

"ಈ ಮನೆಯಲ್ಲಿ ಆ ಭಾಷೆಯಲ್ಲೇ ಹುಟ್ಟಿದವರು ಅವರೊಬ್ಬರು. ಅವರಿಗೇ ಅರ್ಥವಾಗಲಿಲ್ಲವೇ?"

"ನೀವೇ ಉತ್ತರ ಕೊಡಬಹುದಿತ್ತು."

"ಕೊಟ್ಟೆ. ನಿಮ್ಮಮ್ಮ ಸತ್ತು ಬಹಳ ಕಾಲವಾಯಿತು ಎಂದೆ. ಒಂದಕ್ಷರ ತಪ್ಪಲಿಲ್ಲ. ಅಂದಿನಿಂದ ಊಟ ಬಿಟ್ಟರು."

"ಡ್ರಿಪ್ ಹಾಕೋಣ."

"ಹಾಕಿಯಾಯಿತು. ಕಿತ್ತರು. ಹೀಗೇ ಆದರೆ ಹೆಚ್ಚು ಕಾಲವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ."

ಲೂದ್ವಿನಾ ಮೆಟ್ಟಿಲ ಮೇಲೆ ಅತ್ತಿಂದಿತ್ತ ನಡೆದಳು.

"ಯಾವ ಕಾಲದಲ್ಲಿ ಹೇಳಲಿ? ಕರೆದಳು ಎಂದರೆ ಸುಳ್ಳು. ಕರೆಯಲಿಲ್ಲ ಎಂದರೆ ಅಳುತ್ತಾರೆ. ಕರೆಯುತ್ತಾಳೆ ಎಂದರೆ, ಯಾವಾಗ ಎಂದು ಕೇಳುತ್ತಾರೆ."

"ಕೂತುಕೋ."

"ಎಲ್ಲಿ?"

"ಅವರ ಹತ್ತಿರ."

"ಎಷ್ಟು ಹೊತ್ತು? ನನ್ನ ಪೆಟ್ಟಿಗೆ ಕಟ್ಟುವುದೇ ಆಗಿಲ್ಲ."

"ಹೋಗುವುದು ನಿಕ್ಕಿಯಾಗದೆ ಪೆಟ್ಟಿಗೆ ಕಟ್ಟುವವಳು ನೀನೊಬ್ಬಳೇ," ಎಂದು ದೊಮಿತಿಲ್ಲಾ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಲೂದ್ವಿನಾ ಕೂತಳು. ಅವಳ ಕಾಲು ಕೂರಲಿಲ್ಲ. ಮಂಚದ ಪಕ್ಕದ ಕುರ್ಚಿ ಎರಡು ದಿನ ಹಗಲೆಲ್ಲ ಕಿರುಗುಟ್ಟಿತು.

ಮುದುಕಿ ಆಗಾಗ ಅದನ್ನೇ ಕೇಳಿದರು. ಲೂದ್ವಿನಾ ಅವರನ್ನೇ ನೋಡುತ್ತಾ ಕೂತಳು.

ಶುಕ್ರವಾರ ಮಧ್ಯಾಹ್ನ ಊಟದ ಗಂಟೆ ಬಾರಿಸಿತು. ಮುದುಕಿ ತಲೆ ತಿರುಗಿಸಲಿಲ್ಲ. ಕೋಣೆ ಗುಡಿಸಲು ಬಂದವಳು "ಮದರ್ ಕ್ಲೆಮೆನ್ಸಿಯಾ, ಊಟ ಮಾಡಿ" ಎಂದಳು. ಅದಕ್ಕೂ ತಿರುಗಲಿಲ್ಲ.

ಆಗ ಹೊಳೆಯಾಚೆಯ ದಂಡೆಯಿಂದ ಒಬ್ಬ ಹೆಂಗಸು ಮಗಳನ್ನು ತುಳುವಿನಲ್ಲಿ ಊಟಕ್ಕೆ ಕೂಗಿದಳು. "ಗುಲಾಬೀ… ಒಣಸ್‌ಗ್ ಬಲಾ!"

ಮುದುಕಿ ಮೊಣಕೈ ಊರಿ ಅರ್ಧ ಎದ್ದರು. ಕಿವಿಗೊಟ್ಟರು. ಮತ್ತೆ ದಿಂಬಿಗೆ ಒರಗಿದರು.

ಲೂದ್ವಿನಾ ಓಡಿದಳು. ಓಡುವುದು ಆ ಮನೆಯ ಶಿಸ್ತಲ್ಲ.

"ಸಿಸ್ಟರ್, ಮದರ್ ಕ್ಲೆಮೆನ್ಸಿಯಾರನ್ನು ಹುಟ್ಟಿದ ಮನೆಯಲ್ಲಿ ಕರೆಯುತ್ತಿದ್ದ ಹೆಸರೇನು?"

"ವ್ರತ ತೆಗೆದುಕೊಂಡು ಹೊಸ ಹೆಸರು ಪಡೆದ ದಿನ ನಾವೆಲ್ಲ ಅದನ್ನು ಹೊಸ್ತಿಲಾಚೆ ಬಿಟ್ಟು ಬಂದವರು. ಇಲ್ಲಿ ಯಾರೂ ಯಾರನ್ನೂ ಅದನ್ನು ಕೇಳುವುದಿಲ್ಲ. ನಿನಗದು ಗೊತ್ತಿದೆ."

"ಹಾಗಾದರೆ ಯಾರಿಗೆ ಗೊತ್ತು?"

"ಅವರಿಗೆ."

"ಕೇಳಬಹುದೇ? ನಿಯಮವಿದೆಯಲ್ಲ."

"ನಿಯಮ ಮೀರುವ ಕ್ರಿಯಾಪದ ಒಂದನ್ನೂ ಕೊಡಲಿಲ್ಲ ಎಂದು ಮೊನ್ನೆ ಗೊಣಗಿದವಳು ನೀನೇ."

ಲೂದ್ವಿನಾ ಹಿಂದಿರುಗಿ ಮಂಚದ ಅಂಚಿನಲ್ಲಿ ಕೂತಳು. ಮುದುಕಿಯ ಕೈ ಹಿಡಿದಳು. ಆ ಕೈ ಒಣ ಎಲೆಯಷ್ಟು ಹಗುರಾಗಿತ್ತು.

"ಕೋಮೊ ತೆ ಯಾಮಾ ತು ಮಮಾ?"

ಅಮ್ಮ ನಿನ್ನನ್ನು ಏನೆಂದು ಕರೆಯುತ್ತಾಳೆ?

ಯಾಮೊ ಎಂದು ಮೊದಲಿನಿಂದ ಹೊರಟಿರಲಿಲ್ಲ. ಅವಳಿಗದು ಗಮನಕ್ಕೂ ಬರಲಿಲ್ಲ.

ಮುದುಕಿ ಅವಳನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು. ಇಷ್ಟೂ ಗೊತ್ತಿಲ್ಲವೇ?

"ಚಾರೋ," ಎಂದರು.

ಮರುದಿನ ಶನಿವಾರ. ಊಟದ ಗಂಟೆಗೆ ಮುಂಚೆ ಲೂದ್ವಿನಾ ಅಂಗಳಕ್ಕಿಳಿದು ರೋಗಿಯ ಕಿಟಕಿಯಿಂದ ದೂರ, ಬಾವಿಯ ಹತ್ತಿರ ನಿಂತಳು. ಆ ಮನೆಯಲ್ಲಿ ಯಾರೂ ದನಿ ಏರಿಸುವುದಿಲ್ಲ. ಅವಳು ಎರಡೂ ಅಂಗೈ ಬಾಯಿಗೆ ಹಿಡಿದಳು.

"ಚಾರೋ! ಆ ಕೋಮೆರ್!"

ಚಾರೋ, ಊಟಕ್ಕೆ. ಉಚ್ಚಾರ ಸ್ವಚ್ಛವಾಗಿತ್ತು. ಕಿಟಕಿಯಲ್ಲಿ ಏನೂ ಅಲುಗಲಿಲ್ಲ. ಊಟದ ಕೋಣೆಯ ಬಾಗಿಲಲ್ಲಿ ಮಾತ್ರ ಸಿಸ್ಟರುಗಳು ಬಂದು ನಿಂತರು. ದೊಡ್ಡ ಮದರ್ ಕೂಡ.

ಲೂದ್ವಿನಾ ಕಣ್ಣು ಮುಚ್ಚಿದಳು. ಗದ್ದೆಯ ಬದುವಿನ ಮೇಲೆ ನಿಂತು ತನ್ನ ತಾಯಿ ಕೂಗುತ್ತಿದ್ದಂತೆ, ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆದು, ಅನ್ನ ಆರಿಹೋದೀತು ಎಂಬ ಸಿಟ್ಟನ್ನೂ ಸೇರಿಸಿ, ಕೂಗಿದಳು.

"ಚಾರೋ… ಓ ಚಾರೋ… ಆ ಕೋಮೇ…ರ್!"

ಕಿಟಕಿಯೊಳಗಿನಿಂದ ಸಣ್ಣ ದನಿ ಬಂತು. "ಯಾ ವೋಯ್, ಮಮಾ!"

ಬಂದೆ, ಅಮ್ಮಾ!

ಲೂದ್ವಿನಾ ಮೇಲೆ ಹೋದಾಗ ಮುದುಕಿ ಎದ್ದು ಕುಳಿತಿದ್ದರು. ಕೈ ತೊಳೆದಿದ್ದೇನೆ ಎಂದು ತೋರಿಸಲು ಎರಡೂ ಅಂಗೈ ಮುಂದೆ ಚಾಚಿದ್ದರು. ಗಂಜಿ ಉಂಡರು. ಉಪ್ಪು ಸಾಲದು ಎಂದು ಮುಖ ಸೊಟ್ಟ ಮಾಡಿ, ಪೂರ್ತಿ ಉಂಡರು.

ಸಂಜೆ ಲೂದ್ವಿನಾ ನದಿಯ ಮೆಟ್ಟಿಲಿಗೆ ಬಂದಳು. ದೊಮಿತಿಲ್ಲಾ ಅಲ್ಲಿದ್ದರು.

"ಬಟ್ಟಲು ಖಾಲಿ, ಸಿಸ್ಟರ್."

"ಕೇಳಿಸಿತು. ಹೊಳೆಯಾಚೆಗೂ ಕೇಳಿಸಿರಬೇಕು."

"ಬೆಳಿಗ್ಗೆ ವ್ಯಾನು ಬರುತ್ತದೆ. ದೊಡ್ಡ ಮದರ್ ನಿಮಗಾಗಿ ಕಾಯುತ್ತಿದ್ದಾರೆ. ಏನು ಹೇಳುತ್ತೀರಿ?"

"ಭಾಷೆ ಬಂತು ಎಂದು ಹೇಳುತ್ತೇನೆ."

ಲೂದ್ವಿನಾ ಕೂತಳು, ಎದ್ದಳು, ಗುರುವಿನ ಕೈಗೆ ಮುತ್ತಿಟ್ಟಳು.

"ಹಾಗಾದರೆ ಹೋಗಬಹುದು."

"ಹೋಗಬಹುದು. ಬೇಡ ಎನ್ನುವವರು ಯಾರೂ ಇಲ್ಲ."

ಅವಳು ಬಿರಬಿರನೆ ಮೆಟ್ಟಿಲು ಹತ್ತಿದಳು. ಮೇಲೆ ಹೋಗಿ ನಿಂತಳು. ರೋಗಿಯ ಕೋಣೆಯಲ್ಲಿ ದೀಪ ಹಚ್ಚಿದ್ದರು. ಅವಳು ತಿರುಗಿ ನೋಡಿದಳು.

"ನಾಳೆ ಮಧ್ಯಾಹ್ನ ನೀವು ಕರೆಯುತ್ತೀರಲ್ಲ, ಸಿಸ್ಟರ್? ಹೆಸರು ಈಗ ಎಲ್ಲರಿಗೂ ಗೊತ್ತಾಗಿದೆ. ನೀವಲ್ಲದಿದ್ದರೆ ಇನ್ನೊಬ್ಬರು. ಯಾರು ಕರೆದರೂ ಆದೀತು, ಅಲ್ಲವೇ?"

ದೊಮಿತಿಲ್ಲಾ ನೀರನ್ನು ನೋಡುತ್ತಿದ್ದರು.

"ಅಮ್ಮನಿಗೆ ದಿನಕ್ಕೊಂದು ದನಿ ಇರುತ್ತದೆಯೇ, ಮಗೂ?"