ತಿದಿ ಒತ್ತುವವಳು

“ಬುದ್ಧೀ, ದಿನವೂ ಮಾತ್ರೆ ನುಂಗುವುದು ಸೋಲೊಪ್ಪಿದಂತೆ ಅಲ್ಲವೇ?” ಎಂದು ಶಿವನಂಜಯ್ಯ ಮಠದ ಗುರುಗಳನ್ನು ಕೇಳಿದ.

ಅವನು ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಅರವತ್ತೇಳರಲ್ಲೂ ಮಠದ ಮೆಟ್ಟಿಲನ್ನು ಎಲ್ಲಿಯೂ ನಿಲ್ಲದೆ ಹತ್ತುತ್ತಿದ್ದ. ವಯಸ್ಸಾದಂತೆ ರಕ್ತನಾಳ ಬಿರುಸಾಗುತ್ತದೆ, ಅದರ ಗೋಡೆಯ ಸ್ನಾಯು ಬಿಗಿಹಿಡಿಯುತ್ತದೆ, ಮಾತ್ರೆ ಆ ಬಿಗಿತವನ್ನು ಸಡಿಲಿಸುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಎರಡು ತಿಂಗಳು ನುಂಗಿದ. ರಕ್ತದ ಒತ್ತಡ ಇಳಿಯಿತು. ಗೆದ್ದೆ ಎಂದುಕೊಂಡು ಮಾತ್ರೆ ಬಿಟ್ಟ. ಈಗ ಒತ್ತಡ ಮೊದಲಿಗಿಂತ ಮೇಲೇರಿತ್ತು.

“ನನ್ನ ಎದೆ ಗಟ್ಟಿಯಾಗಿದೆ, ಬುದ್ಧೀ. ಎಷ್ಟು ಒತ್ತಡವಿದ್ದರೂ ದುಡಿಯುತ್ತದೆ. ನಾನು ಮತ್ತೆ ಮಾತ್ರೆ ಮುಟ್ಟುವವನಲ್ಲ.”

ಗುರುಗಳು ಹೇಳಿದರು:

ಒಬ್ಬ ಕಮ್ಮಾರನಿದ್ದ. ಅವನು ಕಬ್ಬಿಣ ಬಡಿಯುವನು, ಹೆಂಡತಿ ಚರ್ಮದ ತಿದಿ ಒತ್ತಿ ಕುಲುಮೆಗೆ ಗಾಳಿ ಊದುವಳು. ತಿದಿ ಹೊಸದಾಗಿದ್ದಾಗ ಅಂಗೈ ಇಟ್ಟರೆ ಇಳಿಯುತ್ತಿತ್ತು. ಇಪ್ಪತ್ತು ವರ್ಷ ಬೆಂಕಿಯ ಮಗ್ಗುಲಲ್ಲಿದ್ದು ಸೆಟೆದುಕೊಂಡಿತು. ಆಯುಧಪೂಜೆಗೊಮ್ಮೆ ಅದಕ್ಕೆ ಎಣ್ಣೆ ಸವರುವುದು ಆ ಮನೆಯ ಪದ್ಧತಿ. ಇನ್ನು ದಿನವೂ ಸವರಬೇಕು ಎಂದಳು ಹೆಂಡತಿ.

“ಏನೇ, ತಿದಿಗೂ ಬಾಣಂತನವೇ?” ಎಂದು ಕಮ್ಮಾರ ನಕ್ಕ. “ಇನ್ನಷ್ಟು ಜೋರಾಗಿ ಒತ್ತು.”

“ಒತ್ತುತ್ತಲೇ ಇದ್ದೇನೆ. ಮುದಿಯಾಗಿರುವುದು ಅದು, ಸಾಯುತ್ತಿರುವುದು ನಾನು.”

ಗಿರಾಕಿಗಳ ಎದುರು ಮಾತು ಬೆಳೆಯುವುದು ಬೇಡವೆಂದು ಅವನು ಎಣ್ಣೆ ಹಚ್ಚಿದ. ಚರ್ಮ ಹೊಸದಾಗಲಿಲ್ಲ, ಆದರೆ ಮಣಿಯಿತು. ಹತ್ತು ದಿನ ಬಿಡದೆ ಹಚ್ಚಿದ. ಹನ್ನೊಂದನೆಯ ದಿನ, ಮೆತ್ತಗಾಯಿತಲ್ಲ, ಇನ್ನೇಕೆ ಎಂದು ಎಣ್ಣೆಯ ಕುಡಿಕೆಯನ್ನು ಅಟ್ಟಕ್ಕೇರಿಸಿದ. ಬೆಂಕಿ ತನ್ನ ಕೆಲಸ ಬಿಡಲಿಲ್ಲ. ವಾರದೊಳಗೆ ತಿದಿ ಹಲಗೆಯಂತಾಯಿತು. “ಒತ್ತು, ಒತ್ತು” ಎಂದು ಅವನು ಮತ್ತೆ ಶುರುಮಾಡಿದ.

ಕುಲುಮೆಯಲ್ಲಿದ್ದ ನೇಗಿಲ ಗುಳ ಇನ್ನೂ ಕೆಂಪಾಗಿರಲಿಲ್ಲ. ಅವಳು ಎದ್ದಳು. ಕೈ ತೊಳೆದಳು. “ಹಟ ನಿಮ್ಮದು, ತೋಳು ನನ್ನದು. ಇನ್ನು ನೀವೇ ಒತ್ತಿಕೊಳ್ಳಿ” ಎಂದು ಹೇಳಿ, ಕಾದು ಕುಳಿತಿದ್ದ ಗಿರಾಕಿಗಳ ನಡುವೆಯೇ ಹಾದು ತವರಿನ ದಾರಿ ಹಿಡಿದಳು. ಒಬ್ಬನ ಕೈಯಿಂದ ಬಡಿಯುವುದೂ ಒತ್ತುವುದೂ ಆಗಲಿಲ್ಲ. ಕುಲುಮೆ ಆರಿತು. ಮೂರನೆಯ ದಿನ ಕಮ್ಮಾರ ಅಟ್ಟದಿಂದ ಕುಡಿಕೆ ಇಳಿಸಿ, ತಿದಿಗೆ ಎಣ್ಣೆ ತಿಕ್ಕಿ, ಅವಳ ತವರೂರಿಗೆ ನಡೆದ. ಅವಳು ಅವನ ಅಂಗೈ ಮೂಸಿ ನೋಡಿದಳು. ಆಮೇಲೆ ಹೊರಟಳು.

ಶಿವನಂಜಯ್ಯ ತೊಡೆ ತಟ್ಟಿಕೊಂಡು ನಕ್ಕ. “ಗಟ್ಟಿಗಿತ್ತಿ, ಬುದ್ಧೀ! ಅವನಿಗೆ ಹಾಗೇ ಆಗಬೇಕು.”

ಗುರುಗಳು ನಗಲಿಲ್ಲ.

“ನಿನ್ನ ಎದೆ ಎದ್ದು ಹೋದರೆ, ಯಾವ ಊರಿಗೆ ಹೋಗಿ ಕರೆತರುತ್ತೀಯ?”