ಕ್ವಾಲಿಟಿ ಸಾಹೇಬರ ಕೆಂಪು ಗೀಟು

ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಬಾಳಪ್ಪ ಅಂತ ಒಬ್ಬ ಸಿಎನ್‌ಸಿ ಆಪರೇಟರ್. ಕಂಪ್ಯೂಟರಿಗೆ ಅವನು ಅಳತೆ ಬರೆದುಕೊಟ್ಟನೆಂದರೆ ಮಷಿನ್ನು ಕೂದಲೆಳೆಯಷ್ಟೂ ತಪ್ಪದೆ ಲೋಹ ಕಡಿಯುತ್ತಿತ್ತು.

ಒಂದು ದಿನ, ನಲವತ್ತು ರಿಂಗಿಗೆ ಆರ್ಡರ್ ಕೊಟ್ಟಿದ್ದ ಗಿರಾಕಿ ಕಂಪನಿಯ ಕ್ವಾಲಿಟಿ ಸಾಹೇಬರು ತಪಾಸಣೆಗೆ ಬಂದರು. ಮಷಿನ್ನಿನಿಂದ ಆಗಷ್ಟೇ ಹೊರಬಂದ ಅಲ್ಯೂಮಿನಿಯಂ ರಿಂಗನ್ನು ನಿಂತಲ್ಲೇ ಅಳೆದರು. ಚೂರು ದೊಡ್ಡದಿತ್ತು.

"ಸ್ವಲ್ಪ ತಡೀರಿ ಸಾಹೇಬ್ರ..." ಎಂದ ಬಾಳಪ್ಪ.

"ನನಗ ಕಲಸ್ತೀಯೇನು? ಪ್ರೋಗ್ರಾಂ ತಿದ್ದು! ಇಲ್ಲಾಂದ್ರ ನಲವತ್ತೂ ರಿಂಗು ಗುಜರಿಗೆ!" ಸಾಹೇಬರು ರಿಂಗಿನ ಒಂದು ಮಗ್ಗುಲಿಗೆ, ರಿಜೆಕ್ಟ್ ಎಂಬ ಗುರುತಿಗೆ, ಕೆಂಪು ಮಾರ್ಕರಿನಿಂದ ಗೀಟೆಳೆದು, ಪಕ್ಕದಲ್ಲಿ ಸಹಿಯನ್ನೂ ಜಡಿದರು.

ಅಲ್ಲೇ ನಿಂತಿದ್ದ ಕಾರ್ಖಾನೆ ಮಾಲೀಕರ ಮುಖ ಬಿಳಿಚಿಕೊಂಡಿತು. ಬಾಳಪ್ಪ ಮಾತ್ರ, "ಆತ್ರಿ. ನೀವು ಊಟ ಮಾಡಿ ಬರ್ರಿ, ಅಷ್ಟರಾಗ ಸರಿ ಮಾಡಿಡ್ತೀನಿ" ಎಂದ.

ಊಟ ಮುಗಿಸಿ ಬಂದ ಸಾಹೇಬರಿಗೆ ಬಾಳಪ್ಪ ಎಸಿ ಕೋಣೆಯಿಂದ ಒಂದು ರಿಂಗು ತಂದುಕೊಟ್ಟ. ಅಳೆದರು. ಕರಾರುವಾಕ್ಕು!

ಸಾಹೇಬರು ಮಾಲೀಕರ ಕಡೆ ತಿರುಗಿ ಮೀಸೆ ತೀಡಿದರು. "ನೋಡಿದ್ರಲ್ಲಾ? ಹೇಳೋರು ಒಬ್ಬರು ಇರಬೇಕು. ಏನು ತಿದ್ದಿದಿ ಬಾಳಪ್ಪ?"

"ಆ ಕಡೆ ಹೊಳ್ಳಿಸಿ ನೋಡ್ರಿ ಸಾಹೇಬ್ರ."

ರಿಂಗು ತಿರುಗಿಸಿದರು. ಅದೇ ಕೆಂಪು ಗೀಟು. ಪಕ್ಕದಲ್ಲಿ ಅವರದೇ ಸಹಿ.

"ಪ್ರೋಗ್ರಾಂ ಮುಟ್ಟೇ ಇಲ್ರಿ. ಆಗಷ್ಟೇ ಕಡದ ಲೋಹ ಬಿಸಿಗೆ ಉಬ್ಬಿರತೈತಿ. ನೀವು ಉಣ್ಣೂತನಕ ತಣ್ಣಗಾಗಾಕ ಇಟ್ಟಿದ್ದೆ, ಅಷ್ಟ."

ಸಾಹೇಬರು ಕರವಸ್ತ್ರ ತೆಗೆದು ಸಹಿಯನ್ನು ಉಜ್ಜಿದರು. ಮತ್ತೆ ಉಜ್ಜಿದರು. ಅದು ಅಳಿಸಲಿಲ್ಲ.

"ಇರ್ಲಿ ಬಿಡ್ರಿ ಸಾಹೇಬ್ರ," ಎಂದ ಬಾಳಪ್ಪ, "ಪಾಸಾದ ಮಾಲಿಗೂ ನಿಮ್ಮ ಸಹಿ ಬೇಕಲ್ರಿ!"