ಸಂಕವ್ವನ ತೋಟವೆಂಬ ಬರಿಬಂಡೆ

ಕಣಿವೆಹಳ್ಳಿಯ ಕೆರೆ ಏರಿಯ ಮೇಲೆ ನಡೆದು ಅದರ ಮೂಡಣ ತುದಿ ಮುಟ್ಟಿದರೆ ಗಾಳಿಗುಡ್ಡದ ಮೆಟ್ಟಿಲುಗಳು ಸಿಗುತ್ತವೆ. ಇವು ಕಟ್ಟಿದ ಮೆಟ್ಟಿಲುಗಳಲ್ಲ, ಬಂಡೆಯಲ್ಲೇ ಕಡಿದವು. ಕೆಲವು ಮೊಳದೆತ್ತರ, ಕೆಲವು ಪಾದ ಊರುವಷ್ಟೇ. ನೂರಿಪ್ಪತ್ತು ಮೆಟ್ಟಿಲು ಹತ್ತಿದ ಮೇಲೆ ಗುಡ್ಡದ ಪಕ್ಕೆಯಲ್ಲಿ ಎರಡು ಕಣಗಳಷ್ಟು ಅಗಲವಾದ ಹಾಸುಬಂಡೆಯೊಂದು ಬಾಯಿ ತೆರೆದ ಹಾಗೆ ಹರಡಿಕೊಂಡಿದೆ. ಅದರ ಅಂಚಿನಲ್ಲಿ ಸೂರಿಲ್ಲದೆ ಗಾಳಿಗೆ ಮೈಯೊಡ್ಡಿ ನಿಂತ ಮೊಳಕಾಲೆತ್ತರದ ಕಲ್ಲುದೇವರಿಗೆ ಗಾಳಿಮಲ್ಲಯ್ಯನೆಂದು ಹೆಸರು. ಬಂಡೆಯ ಮೇಲೆ ಒಂದು ಗರಿಕೆಯೂ ಇಲ್ಲ. ಆದರೂ ಸುತ್ತಲ ಹಳ್ಳಿಗಳಲ್ಲಿ ಈ ಜಾಗಕ್ಕೆ 'ಸಂಕವ್ವನ ತೋಟ' ಎಂಬುದಲ್ಲದೆ ಬೇರೆ ಹೆಸರಿಲ್ಲ. ಕುರಿ ಕಾಯುವವರು ಒಬ್ಬರಿಗೊಬ್ಬರು "ತೋಟದಲ್ಲಿ ಕಾದಿರ್ತೀನಿ" ಎಂದೇ ಹೇಳುತ್ತಾರೆ. ಹೊಸಬರು ತೋಟ ಹುಡುಕುತ್ತ ಗುಡ್ಡದ ನೆತ್ತಿಯವರೆಗೂ ಹೋಗಿ, ಬೆವರು ಒರೆಸಿಕೊಂಡು ಇಳಿದು ಬಂದು, ತಾವು ದಾಟಿ ಹೋದದ್ದೇ ತೋಟವೆಂದು ತಿಳಿದು ನಗುವುದುಂಟು. ಊರವರು ಮಾತ್ರ ನಗುವುದಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಸಂಕವ್ವನೆಂಬ ಹೆಂಗಸು ಗಂಡನನ್ನು ಮಣ್ಣು ಮಾಡಿ ಹನ್ನೊಂದನೆಯ ದಿನಕ್ಕೆ ಈ ಬಂಡೆಗೆ ದೀಪ ಹಚ್ಚಲು ಬಂದಳಂತೆ. ಇಳಿದು ಹೋಗಬೇಕೆಂದು ಎದ್ದವಳಿಗೆ ಇಳಿಯಲು ಮನಸ್ಸಾಗಲಿಲ್ಲ. ಕೆಳಗೆ ಊರು ಇನ್ನೂ ಮಬ್ಬಿನಲ್ಲಿರುವಾಗಲೇ ಬಂಡೆಗೆ ಬಿಸಿಲು ತಾಗುತ್ತಿತ್ತು. ಗಾಳಿ ಬೀಸಿದರೆ ಮೈಯೊಳಗಿನ ಭಾರವನ್ನು ಅಷ್ಟಷ್ಟೇ ಹೊತ್ತೊಯ್ದಂತೆ ಆಗುತ್ತಿತ್ತು. ಬಂಡೆಯ ಮರೆಗೊಂದು ಗುಡಿಸಲು ಹಾಕಿಕೊಂಡು ಉಳಿದುಬಿಟ್ಟಳು. ದೇವರಿಗೆ ಏನಾದರೂ ಮಾಡಬೇಕೆನಿಸಿತು, ಮಂತ್ರ ಬರುತ್ತಿರಲಿಲ್ಲ. ಒಕ್ಕಲು ಮನೆಯ ಹೆಣ್ಣು, ಮಣ್ಣಿನ ಕೆಲಸ ಬರುತ್ತಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಅಂಗಳದ ಗೋಡುಮಣ್ಣನ್ನು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ನೂರಿಪ್ಪತ್ತು ಮೆಟ್ಟಿಲು ಹತ್ತಿದಳು. ಅಂಚಿಗೆ ಕಲ್ಲು ಜೋಡಿಸಿ ಸುರಿದಳು. ಮರುದಿನ ಮತ್ತೊಂದು ಬುಟ್ಟಿ. ಹೀಗೆ ಹತ್ತೊಂಬತ್ತು ಬೇಸಿಗೆ ಹೊತ್ತಳು ಎನ್ನುತ್ತಾರೆ. ಬರಿಬಂಡೆಯ ಮೇಲೆ ಮಂಡಿಯುದ್ದ ಮಣ್ಣು ಕೂತಿತು. ಕಣಗಿಲೆ, ದುಂಡುಮಲ್ಲಿಗೆ, ದವನ, ಮರುಗ, ಪತ್ರೆಯ ಗಿಡ, ಬೀಜದಿಂದ ಎಬ್ಬಿಸಿದ ಮೂರು ಸಂಪಿಗೆ, ಇವುಗಳ ನಡುವೆ ದಟ್ಟನೆಯ ಗರಿಕೆ ಬೆಳೆದು ಬೇರು ಬೇರಿಗೆ ಹೆಣೆದುಕೊಂಡವು. ಅವಳು ಹೂವು ಕಿತ್ತು ದೇವರಿಗೆ ಏರಿಸುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಅವನಿಗೆ ಕಣ್ಣಿದಾವೆ. ಗಿಡದಾಗೇ ನೋಡ್ತಾನೆ" ಎನ್ನುತ್ತಿದ್ದಳು. ಅಲ್ಲಿ ಹೂವು ಕಿತ್ತವರ ಕಣ್ಣು ಹೋಗುತ್ತದೆಂದು ಊರಿನಲ್ಲಿ ನಂಬಿಕೆ ಬೆಳೆಯಿತು. ಅವಳು ಅದನ್ನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ಇಪ್ಪತ್ತನೆಯ ವರ್ಷ ಉತ್ತರೆ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ಕೆರೆ ತುಂಬಿ ಕೋಡಿ ಬಿದ್ದಿತು. ಕೋಡಿ ಹರಿದರೂ ನೀರು ಇಳಿಯದೆ ಏರತೊಡಗಿತು. ನಾಲ್ಕನೆಯ ದಿನ ಬೆಳಗ್ಗೆ ಮಳೆ ಕೊಂಚ ತೆಳುವಾದಾಗ ಸಂಕವ್ವ ಬಂಡೆಯ ಅಂಚಿಗೆ ಬಂದು ಕೆಳಗೆ ನೋಡಿದಳು. ಏರಿಯ ಮೂಡಣ ತಿರುವಿನಲ್ಲಿ, ಗುಡ್ಡದ ಬುಡಕ್ಕೆ ಹತ್ತಿರವಾಗಿ, ಇರುವೆಗಳಂತೆ ಜನ ಸೇರಿದ್ದರು. ಏನೋ ಕೆಟ್ಟದ್ದೇ ಇರಬೇಕೆಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಇಳಿದಳು. ಮೆಟ್ಟಿಲುಗಳ ಮೇಲೆ ನೀರು ಹರಿಯುತ್ತಿತ್ತು, ಕೂತು ಕೂತು ಇಳಿಯಬೇಕಾಯಿತು.

ತಿರುವಿನಲ್ಲಿ ಏರಿಯ ಹಿಂಬದಿ ಒಂದಾಳುದ್ದ ಕುಸಿದಿತ್ತು. ಅದರ ಬುಡದಲ್ಲಿ ಹೆಬ್ಬೆರಳ ಗಾತ್ರದ ನೀರಿನ ಊಟೆಯೊಂದು ಚಿಮ್ಮುತ್ತಿತ್ತು. ನೀರಗಂಟಿ ಕೆಂಚ, ಎಂದರೆ ಆ ಕೆರೆಯ ನೀರು ಕಾಯುವವನು, ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬೊಗಸೆಯಲ್ಲಿ ನೀರು ಹಿಡಿದು ಹಿಡಿದು ನೋಡುತ್ತಿದ್ದ. ಕೆರೆಯ ಏರಿ ಜಿನುಗುವುದು ಹೊಸದೇನಲ್ಲ. ಜಿನುಗಿದ ನೀರು ತಿಳಿಯಾಗಿದ್ದರೆ ಭಯವಿಲ್ಲ. ಕೆಂಚನ ಬೊಗಸೆಯಲ್ಲಿದ್ದ ನೀರು ರಾಗಿ ಅಂಬಲಿಯ ಬಣ್ಣಕ್ಕಿತ್ತು. ನೀರು ಏರಿಯನ್ನು ಒಳಗಿನಿಂದ ತಿನ್ನುತ್ತಿದೆಯೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಊರಿರುವುದು ಏರಿಯ ಕೆಳಗೇ. ಹೊರಬೀಳಲು ಇದ್ದ ಎರಡು ದಾರಿಗಳಲ್ಲಿ ಒಂದನ್ನು ಹಳ್ಳ ನುಂಗಿತ್ತು, ಇನ್ನೊಂದು ಆ ಏರಿಯ ಮೇಲೆಯೇ ಹೋಗುತ್ತಿತ್ತು. ಗಂಡಸರು ಹೊತ್ತು ಮೂಡುವ ಮೊದಲಿನಿಂದ ಗದ್ದೆಯ ಕೆಸರನ್ನು ತಂದು ಕುಸಿತಕ್ಕೆ ಸುರಿಯುತ್ತಿದ್ದರು. ಸುರಿದದ್ದು ಸುರಿದ ಹಾಗೆ ಜಾರಿ ಹೋಗುತ್ತಿತ್ತು.

ಸಂಕವ್ವನ ಕಣ್ಣು ಇದನ್ನೆಲ್ಲ ನೋಡಿ, ಆಮೇಲೆ ಇನ್ನೊಂದನ್ನು ಕಂಡು ಅಲ್ಲೇ ನಿಂತಿತು. ಕುಸಿತದ ಪಕ್ಕದಲ್ಲಿ ಮೇದರ ಸಣ್ಣೀರಿಯನ್ನು ಕೂರಿಸಿದ್ದರು. ಬುಟ್ಟಿ ಹೆಣೆಯುವ ಹೆಂಗಸು. ಎರಡು ವರ್ಷದ ಕೆಳಗೆ ಅಪ್ಪನೊಂದಿಗೆ ಊರಿಗೆ ಬಂದವಳು. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ತನ್ನವರೆಂಬವರು ಒಬ್ಬರೂ ಇರಲಿಲ್ಲ. ಸಂಕವ್ವನ ತಲೆಯ ಮೇಲೆ ಮಣ್ಣು ಏರಿದ್ದ ಈಚಿನ ಬುಟ್ಟಿಗಳೆಲ್ಲ ಅವಳ ಕೈಯವು. ಈಗ ಅವಳ ಕೆನ್ನೆಗೆ ಅರಿಶಿನ ಹಚ್ಚಿದ್ದರು, ಮಡಿಲಿಗೆ ಅಕ್ಕಿ ಹಾಕಿದ್ದರು. ಮಳೆಗೆ ಅರಿಶಿನ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು. ಕಣಿ ನುಡಿಯುವ ಹಾಲಪ್ಪ ಅವಳ ಹಿಂದೆ ನಿಂತಿದ್ದ. ಅವನು ಕೆಟ್ಟವನಲ್ಲ. ಕೆರೆ ಹೆಣ್ಣು ಕೇಳುತ್ತಿದೆಯೆಂದು ಅವನ ಅಜ್ಜ ಹೇಳುತ್ತಿದ್ದುದನ್ನು ಇವನೂ ನಂಬಿ ಹೇಳಿದ್ದ. ಊರ ಗೌಡ ಬೊಮ್ಮಣ್ಣ ಯಾರ ಮುಖವನ್ನೂ ನೋಡದೆ ನೀರನ್ನೇ ನೋಡುತ್ತಿದ್ದ. ಸಣ್ಣೀರಿ ಅಳುತ್ತಿರಲಿಲ್ಲ. ಕೈ ಸುಮ್ಮನಿರದೆ, ಕೆಳಗೆ ಬಿದ್ದಿದ್ದ ಮುರುಕು ಬುಟ್ಟಿಯೊಂದರ ಅಂಚನ್ನು ಮತ್ತೆ ಹೆಣೆಯುತ್ತಿದ್ದಳು.

ಸಂಕವ್ವ ಗೌಡನ ಎದುರು ಬಂದು ನಿಂತಳು. "ಗೌಡ, ಹೆಣ್ಣೇ ಬೇಕಂದ್ರೆ ನಾನಿದೀನಿ. ಉಂಡು ಉಟ್ಟು ಮುಗಿಸಿದೋಳು."

ಉತ್ತರ ಕೊಟ್ಟವನು ಹಾಲಪ್ಪ. "ನೀನು ಮಲ್ಲಯ್ಯನಿಗೆ ಸೇರಿದೋಳು, ಅವ್ವಾ. ಅವನ ಹತ್ರ ಇರೋದನ್ನ ತೆಗೆದು ಇನ್ನೊಬ್ಬರಿಗೆ ಕೊಡೋಕಾಗಲ್ಲ."

ಸಂಕವ್ವ ಅವನೊಡನೆ ವಾದಕ್ಕೆ ನಿಲ್ಲಲಿಲ್ಲ. ಕುಸಿತಕ್ಕೆ ಇಳಿದು ಕೆಂಚನ ಪಕ್ಕದಲ್ಲಿ ಕೂತಳು. "ಈ ಬಾಯಿ ಮುಚ್ಚೋಕೆ ಎಂಥ ಮಣ್ಣು ಬೇಕಪ್ಪ?" ಎಂದು ಕೇಳಿದಳು. ಕೆಂಚ ತಡವರಿಸಿದ. ಬೇರು ಹಿಡಿದ ಮಣ್ಣು ಬೇಕು, ಇಟ್ಟಿಗೆಯ ಹಾಗೆ ಕೊಯ್ದು ಒಂದರ ಮೇಲೊಂದು ಕೂರಿಸಿದರೆ ನಿಲ್ಲುತ್ತದೆ ಎಂದ. ಉತ್ತ ಹೊಲದಲ್ಲಿ ಅದು ಸಿಗದು, ಗದ್ದೆಯೆಲ್ಲ ಕೆಸರು, ಮಿಕ್ಕದ್ದೆಲ್ಲ ಬಂಡೆ. ಇಷ್ಟು ಹೇಳಿ ಅವನು ಒಮ್ಮೆ ಗುಡ್ಡದ ಕಡೆಗೆ ಕಣ್ಣೆತ್ತಿದವನು ಥಟ್ಟನೆ ತಗ್ಗಿಸಿಕೊಂಡ. ಆ ಒಂದು ನೋಟದಲ್ಲಿ ಸಂಕವ್ವನಿಗೆ ಎಲ್ಲ ತಿಳಿಯಿತು. ಬೆಳಗಿನಿಂದ ಅವನಿಗೆ ಇದು ಗೊತ್ತಿತ್ತು. ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ದೇವರ ತೋಟ ಕೇಳುವುದಕ್ಕಿಂತ ದಿಕ್ಕಿಲ್ಲದ ಹೆಣ್ಣನ್ನು ಕೇಳುವುದು ಆ ಹೊತ್ತಿಗೆ ಊರಿಗೆ ಸುಲಭವಾಗಿತ್ತು.

ಅದು ಅವಳು ತಲೆಯ ಮೇಲೆ ಹೊತ್ತ ಮಣ್ಣು. ಹತ್ತೊಂಬತ್ತು ಬೇಸಿಗೆ. ಅವಳು ಕೂಡಲೇ ಹ್ಞೂಂ ಎನ್ನಲಿಲ್ಲ ಎಂಬುದನ್ನು ಹೇಳುವವರು ಮುಚ್ಚಿಡುವುದಿಲ್ಲ. ಎದ್ದು ಏರಿಯ ಮೇಲೆ ಹೋಗಿ ಗುಡ್ಡದ ಕಡೆ ಮುಖ ಮಾಡಿ ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು ನಿಂತಿದ್ದಳಂತೆ. ಮಂಜಿನ ನಡುವೆ ಸಂಪಿಗೆಯ ತುದಿಗಳು ಕಾಣುತ್ತಿದ್ದವು. ಆ ವರ್ಷ ಮೊದಲ ಬಾರಿಗೆ ಅವು ಮೊಗ್ಗು ಕಟ್ಟಿದ್ದವು. ಆಮೇಲೆ ತಿರುಗಿ, "ಗುದ್ದಲಿ ತಗೊಂಡು ಬನ್ನಿ. ಬುಟ್ಟಿ ಇದ್ದಷ್ಟೂ ತನ್ನಿ. ನನ್ನ ಬೇರು ನಿಂತರೆ ಇವಳನ್ನ ಎಬ್ಬಿಸಬೇಕು ಗೌಡ, ಮಾತು ಕೊಡು" ಎಂದಳು.

ಬೊಮ್ಮಣ್ಣ ಏರಿಯ ಅಂಚಿನಲ್ಲಿ ನೆಟ್ಟಿದ್ದ ಅಳತೆಗಲ್ಲನ್ನು ತೋರಿಸಿದ. ನೀರು ಅದರ ನೆತ್ತಿಗೆ ಒಂದು ಗೇಣು ಕೆಳಗಿತ್ತು. "ಕಲ್ಲು ಮುಳುಗೋವರೆಗೆ ಕಾಯ್ತೀನಿ. ಅದಕ್ಕಿಂತ ಹೆಚ್ಚು ಹೊತ್ತು ಈ ಜನಾನ ನಾನು ತಡೆಯಲಾರೆ" ಎಂದ.

ಅರವತ್ತು ಜನ ಅವಳ ಹಿಂದೆ ಬಂಡೆಗೆ ಹತ್ತಿದರು. ಹತ್ತಿ ಅಂಚಿನಲ್ಲೇ ನಿಂತರು. ಗುದ್ದಲಿ ಎತ್ತಲು ಒಬ್ಬರಿಗೂ ಧೈರ್ಯವಿಲ್ಲ. ಕಣ್ಣು ಹೋಗುತ್ತದೆಂಬ ಭಯ ಅವರ ಕೈ ಹಿಡಿದಿತ್ತು. ಕೆಳಗೆ ನೀರು ಏರುತ್ತಿತ್ತು. ಸಂಕವ್ವ ಅವರನ್ನು ಬೈಯಲಿಲ್ಲ, ಬೇಡಲೂ ಇಲ್ಲ. ಮಲ್ಲಯ್ಯನ ಮುಂದೆ ಹಣೆ ಊರಿ ಎದ್ದಳು. ಒಬ್ಬನ ಕೈಯಿಂದ ಗುದ್ದಲಿ ತೆಗೆದುಕೊಂಡು ನೇರವಾಗಿ ಸಂಪಿಗೆಯ ಬುಡಕ್ಕೆ ಹೋದಳು. ಮೊದಲ ಏಟಿಗೆ ಗಿಡ ಅಲುಗಿತು. ಎರಡನೆಯ ಏಟಿಗೆ ಬೇರು ಕಡಿದ ವಾಸನೆ ಎದ್ದಿತು. ಮೂರನೆಯದಕ್ಕೆ ಗುದ್ದಲಿ ಬಂಡೆಗೆ ತಾಗಿ ಕಿಡಿ ಹಾರಿತು. ಬೇರು, ಮಣ್ಣು, ಗರಿಕೆ ಒಂದಾಗಿ ಅಂಟಿದ್ದ ಗಡ್ಡೆಯನ್ನು ಎತ್ತಿ ಬುಟ್ಟಿಗಿಟ್ಟು, "ನೋಡಿ, ನನ್ನ ಕಣ್ಣು ಇದಾವೆ" ಎಂದಳು. ಆಮೇಲೆ ಯಾರೂ ಹಿಂಜರಿಯಲಿಲ್ಲ.

ಬಂಡೆಯಿಂದ ಏರಿಯವರೆಗೆ ಮೂರು ಮೆಟ್ಟಿಲಿಗೊಬ್ಬರಂತೆ ಜನ ನಿಂತರು. ಹಲಸಿನ ತೊಳೆ ಬಿಡಿಸಿದ ಹಾಗೆ ತೋಟ ತುಂಡು ತುಂಡಾಗಿ ಎದ್ದು ಕೈಯಿಂದ ಕೈಗೆ ಇಳಿಯಿತು. ಮಲ್ಲಿಗೆಯ ಹಾಸು ಹೋಯಿತು, ದವನದ ಮಡಿ ಹೋಯಿತು. ಕೆಳಗೆ ಕೆಂಚ ಸೊಂಟದವರೆಗೆ ಕೆಸರಿನಲ್ಲಿ ನಿಂತು ಗಡ್ಡೆಗಳನ್ನು ಬೇರು ಕೆಳಗಾಗಿ ಒಂದಕ್ಕೊಂದು ಒತ್ತಿ ಕೂರಿಸುತ್ತಿದ್ದ. ಮೊದಲ ಸಾಲು ಜಾರಿತು. ಎರಡನೆಯದು ಅರ್ಧ ಜಾರಿ ನಿಂತಿತು. ಮಧ್ಯಾಹ್ನಕ್ಕೆ ಮಳೆ ಮತ್ತೆ ಬಿರುಸಾಯಿತು. ಬುಟ್ಟಿಗಳು ಒದ್ದೆಯಾಗಿ ತಳ ಕಿತ್ತು ಬರತೊಡಗಿದವು. ಆಗ ಸಣ್ಣೀರಿ ಕೂತಲ್ಲಿಂದಲೇ, "ಇಲ್ಲಿ ತನ್ನಿ" ಎಂದಳು. ಮುರಿದ ಬುಟ್ಟಿಗಳು ಅವಳ ಮುಂದೆ ಬಿದ್ದವು. ತಳ ಬಿಗಿದು ಬಿಗಿದು ಅವಳು ಮೇಲಕ್ಕೆ ಕಳಿಸಿದಳು. ಅವಳ ಹಿಂದೆ ಹಾಲಪ್ಪ ನಿಂತೇ ಇದ್ದ. ಅಳತೆಗಲ್ಲಿನ ನೆತ್ತಿ ನೀರಿನ ಮೇಲೆ ಅಂಗೈಯಗಲ ಉಳಿದಿತ್ತು, ಆಮೇಲೆ ಎರಡು ಬೆರಳಗಲ.

ಮೇಲೆ ಬಂಡೆ ಬರಿದಾಗಿತ್ತು. ಹತ್ತೊಂಬತ್ತು ವರ್ಷ ಕಾಣದ ಕಲ್ಲಿನ ಮೈ ಮಳೆಗೆ ಹೊಳೆಯುತ್ತಿತ್ತು. ಇನ್ನೇನೂ ಇಲ್ಲವೆಂದು ಗಂಡಸರು ಕೈ ಚೆಲ್ಲಿದಾಗ ಸಂಕವ್ವ ಮೊಣಕಾಲೂರಿ, ಬಂಡೆಯ ಸಂದುಗಳಲ್ಲಿ ಉಳಿದ ಮಣ್ಣನ್ನು ಉಗುರಿನಿಂದ ಕೆರೆದು ಸೆರಗಿಗೆ ತುಂಬಿಕೊಂಡಳು. ಅದನ್ನು ಕಟ್ಟಿಕೊಂಡು ತಾನೇ ಇಳಿದು ಬಂದಳು. ಅವಳು ಬರುವ ಹೊತ್ತಿಗೆ ಅಳತೆಗಲ್ಲು ಮುಳುಗಿತ್ತು. ಹಾಲಪ್ಪ ಸಣ್ಣೀರಿಯ ತೋಳಿಗೆ ಕೈ ಹಾಕಿದ್ದ, ಅವಳು ಎದ್ದು ನಿಂತಿದ್ದಳು. ಸಂಕವ್ವ ಅವರ ಕಡೆ ತಿರುಗದೆ ಕುಸಿತಕ್ಕೆ ಇಳಿದು, ಸೆರಗಿನ ಮಣ್ಣನ್ನು ಊಟೆಯ ಬಾಯಿಗೆ ಒತ್ತಿ, ಅದರ ಮೇಲೆ ತನ್ನ ಎರಡು ಅಂಗೈಗಳನ್ನೂ ಊರಿ ಕೂತಳು. "ಬೊಗಸೆ ಹಿಡಿ ಕೆಂಚ" ಎಂದಳು.

ಕೆಂಚ ಅವಳ ಬೆರಳ ಸಂದಿನಿಂದ ಜಿನುಗಿದ ನೀರಿಗೆ ಬೊಗಸೆ ಒಡ್ಡಿದ. ಕೆಂಪಗಿತ್ತು. ಚೆಲ್ಲಿ ಮತ್ತೆ ಒಡ್ಡಿದ. ಇನ್ನೂ ಕೆಂಪು. ಮೂರನೆಯ ಸಲ ಬಹಳ ಹೊತ್ತು ನೋಡಿದ, ಕಣ್ಣಿಗೆ ಹತ್ತಿರ ತಂದು ನೋಡಿದ. ಆಮೇಲೆ ಬೊಗಸೆಯನ್ನು ಹಾಗೇ ಹಿಡಿದುಕೊಂಡು ಏರಿಯ ಮೇಲೆ ಹತ್ತಿ ಗೌಡನ ಮುಂದೆ ಒಡ್ಡಿದ. ಬೊಗಸೆಯ ತಳದಲ್ಲಿ ಅವನ ಅಂಗೈಯ ಗೆರೆಗಳು ಕಾಣುತ್ತಿದ್ದವು.

"ತಿಳಿಯಾಯ್ತು" ಎಂದ ಕೆಂಚ.

ಹಾಲಪ್ಪನ ಕೈ ತಾನಾಗಿ ಸಡಿಲಿತು. ಅವನು ಅಲ್ಲೇ ಕುಸಿದು ಕೂತು ಮುಖ ಮುಚ್ಚಿಕೊಂಡ. ಸಣ್ಣೀರಿ ಮಡಿಲ ಅಕ್ಕಿಯನ್ನು ಕೊಡವಿ, ಕೆಳಗಿಳಿದು ಹೋಗಿ, ಸಂಕವ್ವನ ಕೈಗಳ ಪಕ್ಕದಲ್ಲಿ ತನ್ನ ಕೈಗಳನ್ನೂ ಊರಿದಳು. ಸಂಜೆಗೆ ಮಳೆ ನಿಂತಿತು. ಕೋಡಿ ನೀರನ್ನು ಎಳೆದುಕೊಂಡಿತು, ಅಳತೆಗಲ್ಲಿನ ನೆತ್ತಿ ಮತ್ತೆ ಮೇಲೆದ್ದಿತು.

ಸಂಕವ್ವ ಬಂಡೆಗೆ ಮರಳಿದಳು. ಎಷ್ಟೋ ದಿನಗಳ ಮೇಲೆ ಊರವರು ಬುಟ್ಟಿಗಳಲ್ಲಿ ಮಣ್ಣು ತುಂಬಿಕೊಂಡು ತೋಟ ಮತ್ತೆ ಹಾಕಿಕೊಡುತ್ತೇವೆಂದು ಸಾಲಾಗಿ ಹತ್ತಿ ಬಂದಾಗ ಅವಳು ಬೇಡವೆಂದಳು. ಏರಿಯ ಕಡೆ ಕೈ ತೋರಿಸಿ, "ಗಿಡ ಅಲ್ಲಿ ಚಿಗುರಿದಾವೆ, ಈ ಮಣ್ಣನ್ನ ಅಲ್ಲಿಗೇ ಹಾಕಿ" ಎಂದಳು. ಅಷ್ಟಾದರೂ ಅವಳು ಬಂಡೆ ಬಿಡಲಿಲ್ಲ. ದಿನವೂ ಮುಂಜಾನೆ ಇಳಿದು ಏರಿಯ ಮೇಲಿನ ಗಿಡಗಳಿಗೆ ಪಾತಿ ಮಾಡಿ, ಕಳೆ ಕಿತ್ತು, ಬಿಸಿಲೇರುವ ಮುನ್ನ ಮೆಟ್ಟಿಲು ಹತ್ತುವಳು. ದಾರಿಯಲ್ಲಿ ಸಿಕ್ಕವರು ಎಲ್ಲಿಗೆ ಹೊರಟೆ ಅವ್ವ ಎಂದರೆ, ಬಾಯಿರೂಢಿಯಂತೆ, "ತೋಟಕ್ಕೆ" ಎನ್ನುವಳು. ಬರಿಬಂಡೆಯನ್ನು ತೋಟವೆನ್ನುತ್ತಾಳಲ್ಲ ಎಂದು ತಿದ್ದುವ ಮನಸ್ಸು ಯಾರಿಗೂ ಬರಲಿಲ್ಲ. ಸಂಕವ್ವ ತೀರಿಕೊಂಡ ಮೇಲೆ ಸಣ್ಣೀರಿ ಬಂಡೆಯನ್ನು ಹಾಗೇ ಕರೆದಳು, ಅವಳ ಬಾಯಿಂದ ಕೇಳಿ ಊರೂ ಕರೆಯಿತು. ಹೆಸರು ನಿಂತದ್ದು ಹೀಗೆ.

ಇಂದಿಗೂ ಆ ಬಂಡೆಗೆ ಹೋದವರು ಕಲ್ಲಿನ ಮೇಲೆ ಬೆರಳುದ್ದದ ಗೀರುಗಳನ್ನು ನೋಡಬಹುದು. ಅವು ಗುದ್ದಲಿಯ ಗುರುತುಗಳೆನ್ನುತ್ತಾರೆ. ಗಾಳಿಮಲ್ಲಯ್ಯನಿಗೆ ಇಲ್ಲಿ ಹೂವು ಏರಿಸುವ ಪದ್ಧತಿಯಿಲ್ಲ. ಕೈಮುಗಿದವರು ಬಂಡೆಯ ಅಂಚಿಗೆ ಬಂದು ಕೆಳಗೆ ನೋಡುತ್ತಾರೆ. ಉಳಿದ ಏರಿಗೆಲ್ಲ ಈಗ ಕರಿಕಲ್ಲು ಹೊದಿಸಿದೆ. ಮೂಡಣ ತಿರುವು ಮಾತ್ರ ಹಸಿರು, ಕಣಗಿಲೆ ಮಲ್ಲಿಗೆಗಳ ಪೊದೆ, ಅವುಗಳ ಮೇಲೆ ಮುದಿಸಂಪಿಗೆಯ ಗುಂಪು. ಉತ್ತರೆ ಮಳೆ ಹಿಡಿದ ದಿನಗಳಲ್ಲಿ ಊರ ಹೆಣ್ಣುಮಕ್ಕಳು ಆ ಮರಗಳ ಬುಡದಲ್ಲಿ ಸೆರಗು ಹರಡಿ ಕೂತು, ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು, ತಿಳಿಯಾಗಿದೆಯೇ ಎಂದು ನೋಡಿ, ಆಮೇಲೆ ಕುಡಿಯುತ್ತಾರೆ.